ಗಜಕ್ಕೊಂದು ಅಂಗುಲ

ನಕ್ಷೆಗೆ ಬಟ್ಟೆ ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವರು ದುರ್ಗದಲ್ಲಿ ಯಾರೂ ಇಲ್ಲ ಎಂದು ನಾನೇ ಹೇಳಿಕೊಂಡು ಓಡಾಡುತ್ತಿದ್ದ ಕಾಲ ಅದು. ಬೇರೆ ಯಾರೂ ಹಾಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ, ಅದು ಬೇರೆ ಮಾತು. ಹಿರಿಯೂರಿನ ಆಚೆ ಮಾರಿಕಣಿವೆಯಲ್ಲಿ ದೊಡ್ಡ ಕಟ್ಟೆ ಏಳುತ್ತಿದ್ದ ವರ್ಷಗಳು. ಕಲ್ಲುಕುಟಿಗರು, ಗಾಡಿಗಳು, ಹೆಸರು ಮಾಡಬೇಕೆಂದಿದ್ದ ನೌಕರರು ಎಲ್ಲ ಅತ್ತ ಹೊರಟಿದ್ದರು. ನನ್ನನ್ನು ಮಾತ್ರ ಹೊಸದುರ್ಗದ ಕಡೆಯ ಒಂದು ಸಣ್ಣ ಕೆಲಸಕ್ಕೆ ಹಾಕಿದರು. ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಏರಿ ಹಾಕಿ ಕೆರೆ ಮಾಡುವ ಕೆಲಸ.

ಮಣ್ಣು ಬೀಳುವ ಮೊದಲು ನಕ್ಷೆ ಆಗಬೇಕು. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಅದರಲ್ಲಿ ನೀಲಿ ಗೆರೆಯಿಂದ ತೋರಿಸಬೇಕು. ಗೆರೆಯ ಒಳಗೆ ಬಿದ್ದ ಹೊಲಮನೆಗಳನ್ನು ಜನ ಬಿಡಬೇಕು, ಹೊರಗಿದ್ದದ್ದು ಉಳಿಯುತ್ತದೆ. ಗೆರೆ ಎಳೆಯುವವನು ನಾನು. ಆಗ ನನ್ನ ಕೆಲಸ ಇನ್ನೂ ಹಂಗಾಮಿ. ಈ ನಕ್ಷೆ ಒಪ್ಪಿಗೆಯಾದರೆ ಕಾಯಂ ಮಾಡಿಸುತ್ತೇನೆ ಎಂದು ನಮ್ಮ ಇಂಜಿನಿಯರರು ಹೇಳಿದ್ದರು. ಮೈಸೂರಿನ ಕಡೆಯವರು, ಮಾತು ಕಡಿಮೆ, ಕಣ್ಣು ಚುರುಕು.

ಬಿಡಾರದಲ್ಲಿ ಮೂರು ಡೇರೆ. ಒಂದು ಇಂಜಿನಿಯರರದು, ಒಂದರಲ್ಲಿ ನಾನು ಮತ್ತು ನನ್ನ ಉದ್ದನೆಯ ಹಲಗೆ ಮೇಜು, ಇನ್ನೊಂದರಲ್ಲಿ ಅಳತೆಯ ಸರಪಳಿ ಹಿಡಿಯುವ ಆಳುಗಳು. ಡೇರೆಗಳ ಹರಕು ಹೊಲಿಯುವುದಕ್ಕೆ ಕಲ್ಲಿಕೋಟೆಯ ಒಬ್ಬ ದರ್ಜಿ ಇದ್ದರು. ಮಲೆಯಾಳದ ಮುಸಲ್ಮಾನರು. ಮರದ ವ್ಯಾಪಾರಿಗಳ ಗಾಡಿಯ ಹಿಂದೆ ಘಟ್ಟ ಹತ್ತಿ ಬಂದವರು ನಮ್ಮ ಸೀಮೆಯಲ್ಲೇ ನಿಂತುಬಿಟ್ಟಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡೇ ದಿನವಿಡೀ ಮಾತಾಡುತ್ತಿದ್ದರು.

ನಕ್ಷೆಯ ಹಾಳೆಗೆ ಬಟ್ಟೆ ಯಾಕೆ ಎಂದು ಈಗಿನವರು ಕೇಳಬಹುದು. ಬಯಲಿನಲ್ಲಿ ದಿನಕ್ಕೆ ಹತ್ತು ಸಲ ಬಿಚ್ಚಿ ಮಡಿಸುವ ಕಾಗದ ಎಂಟು ದಿನಕ್ಕೆ ಮಡಿಕೆಯಲ್ಲೇ ಹರಿಯುತ್ತದೆ. ಬೆನ್ನಿಗೆ ಬಟ್ಟೆ ಇದ್ದರೆ ಹತ್ತು ವರ್ಷ ಬಾಳುತ್ತದೆ. ಅದಕ್ಕೆ ಬಳಸುವುದು ಕ್ಯಾಲಿಕೋ ಎಂಬ ಬಿಳಿ ಹತ್ತಿ ಬಟ್ಟೆ. ಅದು ತಾನುಗಟ್ಟಲೆ ಬರುತ್ತಿತ್ತು.

ಆ ಸಲ ಬಟ್ಟೆಯ ತಾನು ಬಂದದ್ದು ತಡವಾಗಿ. ರೈಲಿನಲ್ಲಿ ಹೊಳಲ್ಕೆರೆಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಬಿಡಾರ ಮುಟ್ಟುವ ಹೊತ್ತಿಗೆ ನಕ್ಷೆ ಮುಗಿಸಿ ಅದರ ಪ್ರತಿಯನ್ನು ಅಮಲ್ದಾರರ ಕಚೇರಿಗೆ ಕಳಿಸಲು ಐದೇ ದಿನ ಉಳಿದಿತ್ತು. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಗೋಣಿಪಟ್ಟೆ ಬಿಚ್ಚಿದರೆ ಒಳಗೆ ಹಪ್ಪಳದ ಹಾಗೆ ಗರಿಗರಿ ಬಟ್ಟೆ, ಮೂಲೆಯಲ್ಲಿ ಬಿಳಿಯರ ಸೀಮೆಯ ಗಿರಣಿಯ ನೀಲಿ ಮುದ್ರೆ.

ಕಾಕಾ ಬಂದು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದರ ಹೆಸರು ನಮ್ಮೂರುದು, ಗೊತ್ತೈತಾ?” ಎಂದರು. “ನಮ್ಮ ಕಲ್ಲಿಕೋಟೆ ಹೆಸರೇ ಬಿಳೀ ಜನರ ಬಾಯಾಗೆ ಹಿಂಗಾಗೈತೆ. ಹಿಂದೆ ನಮ್ಮ ಕಡಲಿಂದ ಹಡಗು ತುಂಬಿ ಹೋಗ್ತಿತ್ತಂತೆ ಬಟ್ಟೆ. ಈಗ ಅತ್ತಿಂದ ಇತ್ತ ಬರ್ತೈತೆ.”

“ನೀವು ನೋಡಿದ್ದೀರಾ ಕಾಕಾ, ಹಡಗು?”

“ನೋಡದೇನು. ನಮ್ಮಪ್ಪ ದೋಣಿಯೋನು. ದೊಡ್ಡ ಹಡಗು ದಡಕ್ಕೆ ಬರಲ್ಲ, ದೂರ ನಿಂತ್ಕತಾವೆ. ಮೆಣಸಿನ ಮೂಟೆ ದೋಣಿ ಮ್ಯಾಲೆ ಹೋಗ್ತಾವೆ, ಬಟ್ಟೆ ಬೇಲು ದೋಣಿ ಮ್ಯಾಲೆ ಬರ್ತಾವೆ. ಊರ ಹೆಸರು ಹೊತ್ಕಂಡು ಬರ್ತಾವೆ, ಊರಿನ ಮಗ್ಗ ಮಾತ್ರ ಮೂಲೆ ಸೇರೈತೆ.”

ಸಮುದ್ರ ಕಾಣದ ನನಗೆ ಇನ್ನಷ್ಟು ಕೇಳಬೇಕೆನಿಸಿದರೂ ಕೆಲಸದ ಆತುರ. ಅವರನ್ನು ಅಲ್ಲಿಂದ ಎಬ್ಬಿಸಿಬಿಟ್ಟೆ. ಅವರು ಬಾಯಿಬಿಟ್ಟಾಗ ಕೂತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಹೊಸ ಬಟ್ಟೆಯನ್ನು ಹಗಲೆಲ್ಲ ನೀರಿನಲ್ಲಿ ನೆನೆಹಾಕಿ, ಕಿವುಚಿ, ಗಿರಣಿಯ ಗಂಜಿ ಪೂರ್ತಿ ಹೋಗುವಂತೆ ಎರಡು ಮೂರು ಸಲ ತೊಳೆಯಬೇಕು. ಹಸಿಯಿರುವಾಗಲೇ ಹಲಗೆಯ ಮೇಲೆ ಎಳೆದು ಸುತ್ತಲೂ ಮೊಳೆ ಹೊಡೆಯಬೇಕು. ಗೋಧಿಹಿಟ್ಟಿನ ಅಂಟನ್ನು ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿ, ಬಳಿದು, ಹಾಳೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಕೂರಿಸಬೇಕು. ಆಮೇಲೆ ನೆರಳಿನಲ್ಲಿ ಮೂರು ದಿನ ಮುಟ್ಟಬಾರದು. ಒಣಗಿ ತಮಟೆಯ ಹಾಗೆ ಬಿಗಿಯಾದ ಮೇಲೆ ಅಂಚು ಕೊಯ್ದು ಬಿಡಿಸಿಕೊಳ್ಳಬೇಕು.

ನಮಗೆ ನೀರು ಒಂದು ಮೈಲಿ ದೂರದ ಬಾವಿಯಿಂದ ಬರಬೇಕು. ಬಂದದ್ದು ಕುಡಿಯುವುದಕ್ಕೆ, ಅಡಿಗೆಗೆ ಸರಿಹೋಗುತ್ತಿತ್ತು. ಬಟ್ಟೆ ತೊಳೆಯುತ್ತ ಕೂತರೆ ಒಂದೂವರೆ ದಿನ ಹೋಗುತ್ತಿತ್ತು. ಗಂಜಿ ಇದ್ದರೆ ಅಂಟು ಇನ್ನೂ ಚೆನ್ನಾಗಿಯೇ ಹಿಡಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಒಣ ಬಟ್ಟೆಯನ್ನೇ ಎಳೆದು ಮೊಳೆ ಹೊಡೆದೆ. ಮೂರು ದಿನ ಕಾಯುವ ಕಡೆ ಒಂದೇ ದಿನ ಕಾದೆ. ಇನ್ನೊಂದು ಹಾಳೆಗೆ ಮೇಜು ಬೇಕಿತ್ತು, ಆದ್ದರಿಂದ ಅರೆ ಒಣಗಿದ್ದಾಗಲೇ ಕೊಯ್ದು ತೆಗೆದೆ. ಹಾಳೆ ಒಂದು ಸುಕ್ಕಿಲ್ಲದೆ ಹಾಸಿದಂತೆ ಬಂದಿತ್ತು. ಏನು ಕೈ ನನ್ನದು ಎಂದು ಹಿಗ್ಗಿದೆ.

ಹಾಳೆಯ ಮೇಲೆ ಹೊಲಗಳ ಗಡಿ, ಹಳ್ಳ, ಹಟ್ಟಿ ಇವೆಲ್ಲ ಬಟ್ಟೆ ಅಂಟಿಸುವ ಮೊದಲೇ ಬರೆದಾಗಿತ್ತು. ಉಳಿದದ್ದು ನೀಲಿ ಗೆರೆ. ಮಟ್ಟ ತೆಗೆದಿದ್ದ ಓವರ್‌ಸಿಯರರು ಅಷ್ಟರಲ್ಲಿ ಶಿವಮೊಗ್ಗೆಗೆ ವರ್ಗವಾಗಿ ಹೋಗಿದ್ದರು, ಅವರ ಪುಸ್ತಕ ಮಾತ್ರ ನನ್ನ ಹತ್ತಿರ. ಏರಿಯಿಂದ ಇಷ್ಟು ಸರಪಳಿ ದೂರದಲ್ಲಿ ನೀರು ನಿಲ್ಲುತ್ತದೆ ಎಂದು ಅದರಲ್ಲಿ ಸಾಲಾಗಿ ಬರೆದಿತ್ತು. ಕಣಿವೆಯ ತಲೆಯ ಕಡೆ, ಕುರುಬರ ಹಟ್ಟಿಯ ದಿಕ್ಕಿನಲ್ಲಿ, ಇನ್ನೂರ ಎಂಬತ್ತು ಸರಪಳಿ. ನಮ್ಮ ಸರಪಳಿ ಮೂವತ್ತಮೂರು ಅಡಿ, ನಕ್ಷೆಯಲ್ಲಿ ಇಪ್ಪತ್ತು ಸರಪಳಿಗೆ ಒಂದು ಅಂಗುಲ. ಹಿತ್ತಾಳೆಯ ಅಳತೆಪಟ್ಟಿ ಇಟ್ಟು ಹದಿನಾಲ್ಕು ಅಂಗುಲಕ್ಕೆ ಚುಕ್ಕೆ ಹಾಕಿದೆ. ಗೆರೆ ಎಳೆದೆ. ಇಪ್ಪತ್ತೆರಡು ಮನೆಯ ಹಟ್ಟಿ ಪೂರ್ತಿಯಾಗಿ ನೀಲಿಯ ಒಳಗೆ ಬಿತ್ತು.

ಕೊನೆಗೆ ಹಾಳೆಯ ಮೂಲೆಯಲ್ಲಿ ಮಾಪನದ ಗೆರೆ ಬರೆದೆ. ನಕ್ಷೆಯ ಮೇಲೆ ಎಷ್ಟು ಉದ್ದ ನೆಲದ ಮೇಲೆ ಎಷ್ಟು ದೂರ ಎಂದು ಹೇಳುವ ಗೆರೆ ಅದು. ಅದನ್ನು ಎಲ್ಲಕ್ಕಿಂತ ಮೊದಲು, ಕಾಗದ ಕಾಗದವಾಗಿರುವಾಗಲೇ ಬರೆಯಬೇಕೆಂದು ನನಗೆ ಕಲಿಸಿದವರು ಬಡಿದು ಹೇಳಿದ್ದರು. ಅಂಟಿಸುವಾಗ ಮೂಲೆ ಕೊಳೆಯಾದೀತು ಎಂದು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಅಂದಕ್ಕೋಸ್ಕರ. ಇಂಜಿನಿಯರರು ಕೈವಾರ ಇಟ್ಟು ಅಳೆದು, ಗೆರೆ ಪುಸ್ತಕಕ್ಕೆ ಸರಿಯಾಗಿದೆ ಎಂದು ಸಹಿ ಹಾಕಿದರು. ನಕ್ಷೆಯ ಒಂದು ಪ್ರತಿ ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಹೋಯಿತು. ಅಲ್ಲಿಂದ ಹಟ್ಟಿಗೆ ಹುಕುಂ ಬಂತು: ಮಳೆಗಾಲದ ಒಳಗೆ ಜಾಗ ಖಾಲಿ ಮಾಡತಕ್ಕದ್ದು. ಮೂಲ ನಕ್ಷೆ ಬೆಂಗಳೂರಿಗೆ ಹೋಗಲು ನನ್ನ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು.

ಹುಕುಂ ಮುಟ್ಟಿದ ಮರುದಿನವೇ ಹಟ್ಟಿಗೆಲ್ಲ ಹಿರಿಯಳಾದ ಅಜ್ಜಿ ಬಿಡಾರಕ್ಕೆ ಬಂದಳು. ಒಣಕಲು ಮೈ, ಹೆಗಲ ಮೇಲೆ ಕರೀ ಕಂಬಳಿ, ಸೆರಗಿನ ಗಂಟಿನಲ್ಲಿ ಹುರಿದ ಜೋಳ. ಮಾತಾಡುತ್ತಲೂ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ನಕ್ಷೆ ಬರಿಯೋ ಸ್ವಾಮಿ ನೀವೇನಾ? ನಿಮ್ಮ ನೀರು ನಮ್ಮ ಹಟ್ಟಿಗೆ ಬರಾದಿಲ್ಲ.”

“ಅದನ್ನು ನೀನು ಹೇಳಬೇಕಾ ಅವ್ವ? ದುರ್ಬೀನು ಇಟ್ಟು ನೋಡಿದ್ದಾರೆ.”

“ದುರ್ಬೀನು ಇಟ್ಟೋರೇ ಗೂಟ ಹೊಡೆದು ಹೋಗಿದ್ರು. ಇಲ್ಲಿಗಂಟ ನೀರು ಬರ್ತೈತೆ ಅಂತ. ಆ ಗೂಟ ನಮ್ಮ ಹಟ್ಟಿಗಿಂತ ಕೆಳಗೆ, ಬನ್ನಿ ಮರದ ತಾವ ಇತ್ತು.”

“ಇತ್ತು ಅಂದರೆ? ಈಗ ಎಲ್ಲಿ?”

ಆಕೆ ಒಂದು ಕಾಳು ಅಗಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು. “ಕುರಿಮರಿ ಕಟ್ಟಾಕೆ ಕಿತ್ಕಂಡ್ವಿ. ಚೆಂದಾಗಿ ಕೆತ್ತಿದ್ರು, ಒಳ್ಳೆ ಗೂಟ.”

ನನಗೆ ನಗು ಬರಬೇಕಿತ್ತು, ಬಂದದ್ದು ಸಿಟ್ಟು. ಸರ್ಕಾರದ ಗುರುತು ಕಿತ್ತು ಮರಿ ಕಟ್ಟಿಕೊಂಡು, ಈಗ ಬಂದು ನಕ್ಷೆ ಸರಿಯಿಲ್ಲ ಅನ್ನುತ್ತೀರಾ ಎಂದು ಬಾಯಿಗೆ ಬಂದಂತೆ ಬೈದೆ. ಆಕೆ ಎದ್ದು ಹೋದಳು.

ಮೂರನೆಯ ದಿನ ಮತ್ತೆ ಬಂದಳು, ಈ ಸಲ ಒಂದು ಗೂಟವನ್ನು ಕಂಕುಳಲ್ಲಿ ಇಟ್ಟುಕೊಂಡು. ಮೇಲೆ ಓವರ್‌ಸಿಯರರು ಬಣ್ಣದಲ್ಲಿ ಬರೆದ ಅಂಕಿ ಇನ್ನೂ ಅರ್ಧ ಉಳಿದಿತ್ತು, ಉಳಿದರ್ಧವನ್ನು ಮರಿಯ ಹಗ್ಗ ಉಜ್ಜಿ ತಿಂದಿತ್ತು.

“ಜೈಲಿಗೆ ಹಾಕಂಗಿದ್ರೆ ನನ್ನ ಹಾಕ್ರಿ. ಗೂಟ ಎಲ್ಲಿತ್ತು ಅಂತ ತೋರಿಸ್ತೀನಿ, ಬರ್ರಿ.”

“ಎಲ್ಲಿತ್ತು ಅಂತ ನೀನು ತೋರಿಸಿದ ಕಡೆಯೆಲ್ಲ ನಾನು ಗೆರೆ ಎಳೆಯೋದಕ್ಕೆ ಆಗುತ್ತಾ? ಹೋಗವ್ವ.”

“ನಮ್ಮ ಯಜಮಾನ್ರು ತೋಡಿಸಿದ ಬಾವಿ ಅಲ್ಲೈತೆ. ಕುರಿ ರೊಪ್ಪ ಐತೆ, ಕಂಬಳಿ ಮಗ್ಗದ ಗುಂಡಿ ಅವೆ. ಬಾರದ ನೀರಿಗೆ ಹೆದರಿ ಬಿಟ್ಟು ಹೋಗು ಅಂದ್ರೆ ಹೆಂಗೆ ಹೋಗಾಣ?”

ನಾನು ಡೇರೆಯೊಳಗೆ ಹೋದೆ. ಆಕೆ ಹೋಗಲಿಲ್ಲ. ಬೇವಿನ ಮರದ ಕೆಳಗೆ, ಕಾಕಾನ ಪಕ್ಕದಲ್ಲೇ, ಗೂಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಕಾಕಾ ಆ ಹೊತ್ತಿಗೆ ಇಂಜಿನಿಯರರ ಡೇರೆಯ ಒಳಪದರಕ್ಕೆ ತೇಪೆ ಹಾಕುತ್ತಿದ್ದರು. ನನ್ನ ತಾನಿನಲ್ಲಿ ಉಳಿದ ತುಂಡನ್ನೇ ಕೇಳಿ ತೆಗೆದುಕೊಂಡು ಹೋಗಿದ್ದರು. ಅವರು ಗೊಣಗುವುದು ನನ್ನ ಮೇಜಿನವರೆಗೆ ಕೇಳುತ್ತಿತ್ತು. ಬಟ್ಟೆ ಸರಿಯಿಲ್ಲ, ಸೀಮೆಯವರು ಬರೀ ಗಂಜಿ ಮಾರುತ್ತಾರೆ, ಮೋಸ, ಹೀಗೆ.

“ಏನು ಕಾಕಾ, ಏನಾಯಿತು?” ಎಂದು ಕೂತಲ್ಲಿಂದಲೇ ಕೇಳಿದೆ.

“ಏನಾಗಾದು. ನೆನೆಹಾಕಿ ಒಣಗಿಸಿದೆ. ಗಜಕ್ಕೆ ಒಂದಂಗುಲ ಕುಡಿದುಬಿಟ್ಟೈತೆ.”

“ಕುಡಿದದ್ದು ಅಂದರೆ?”

“ಕುಗ್ಗೈತೆ ಅಂದೆ. ನಮ್ಮೂರ ಕಡಲ ದಂಡೇಲಿ ಬೇಲು ಒಡೆದ ಕೂಡ್ಲೆ ಒಂದು ಗಜ ಕತ್ತರಿಸಿ, ನೀರಿಗೆ ಅದ್ದಿ, ಒಣಗಿಸಿ ಅಳೀತಾರೆ. ಎಷ್ಟು ಕುಡೀತು ನೋಡ್ಕಂಡೇ ವ್ಯಾಪಾರ. ದೋಣೀಲಿ ಒದ್ದೆಯಾಗಿ ಬಂದ ಬಟ್ಟೆ ಅಂದ್ರೆ ಯಾರೂ ನಂಬಾದಿಲ್ಲ. ನೀವು ತೊಳೆದೇ ಅಂಟಿಸಿರ್ತೀರಿ ಬಿಡ್ರಿ, ನಿಮಗೆ ಯಾಕೆ ಚಿಂತೆ.”

ಕೈಯಲ್ಲಿದ್ದ ಕುಂಚ ಹಾಗೇ ನಿಂತಿತು. ನಾನು ತೊಳೆದಿರಲಿಲ್ಲ. ಬಟ್ಟೆ ನೀರು ಕುಡಿದದ್ದು ನನ್ನ ಅಂಟಿನಿಂದಲೇ, ಅದೂ ಹಾಳೆಯನ್ನು ಬೆನ್ನ ಮೇಲೆ ಹೊತ್ತುಕೊಂಡು. ಅರೆ ಒಣಗಿದ್ದನ್ನು ಮೊಳೆಯಿಂದ ಬಿಡಿಸಿದ ಮೇಲೆ ಹಿಡಿದಿಡುವವರು ಯಾರು? ಬಟ್ಟೆ ಕುಗ್ಗಿದ್ದರೆ ಹಾಳೆಯೂ ಕುಗ್ಗಿತು, ಹಾಳೆಯ ಮೇಲಿನ ಹೊಲ, ಹಳ್ಳ, ಹಟ್ಟಿ ಎಲ್ಲ ಏರಿಯ ಕಡೆಗೆ ಸರಿದವು. ನೀಲಿ ಗೆರೆಯನ್ನು ಎಳೆದದ್ದು ಆಮೇಲೆ, ಕುಗ್ಗದ ಹಿತ್ತಾಳೆ ಪಟ್ಟಿಯಲ್ಲಿ.

ಪೆಟ್ಟಿಗೆಯಿಂದ ನಕ್ಷೆ ತೆಗೆದೆ. ಹೊಲಗಳ ಅಳತೆ ಬರೆದ ರಿಜಿಸ್ಟರಿನಲ್ಲಿ ಉದ್ದನೆಯ ಒಂದು ಹೊಲ ಆರಿಸಿಕೊಂಡೆ. ಕಣಿವೆಯ ಉದ್ದಕ್ಕೆ ಅದರ ಬದು ಮೂವತ್ತಾರು ಸರಪಳಿ. ನಕ್ಷೆಯ ಮೇಲೆ ಅಳೆದರೆ ಮೂವತ್ತೈದು. ಇನ್ನೊಂದು ಹೊಲ ಹಿಡಿದೆ, ಅದೂ ಹಾಗೇ. ಹಾಗಾದರೆ ಇನ್ನೂರ ಎಂಬತ್ತು ಸರಪಳಿಗೆ ಎಷ್ಟು? ಹೆಚ್ಚುಕಡಿಮೆ ಎಂಟು ಸರಪಳಿ. ನೆಲದ ಮೇಲೆ ಇನ್ನೂರ ಅರವತ್ತು ಅಡಿ ಹತ್ತಿರ. ನನ್ನ ಗೆರೆ ಇರಬೇಕಾದ ಜಾಗಕ್ಕಿಂತ ಅಷ್ಟು ಮೇಲೆ ಹತ್ತಿ ಕೂತಿತ್ತು. ಅಜ್ಜಿ ಹೇಳಿದ ಬನ್ನಿ ಮರ ಹಟ್ಟಿಯ ಮೇಲಂಚಿನಿಂದ ಕೆಳಕ್ಕೆ ಸುಮಾರು ಅಷ್ಟೇ ದೂರದಲ್ಲಿತ್ತು.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ನಕ್ಷೆಯನ್ನು ಸುತ್ತಿ ಮತ್ತೆ ಪೆಟ್ಟಿಗೆಗೆ ಹಾಕಿದೆ. ಬೀಗವನ್ನೂ ಹಾಕಿದೆ. ನನ್ನ ಲೆಕ್ಕ ಹೀಗಿತ್ತು: ಈ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಮಾಪನದ ಗೆರೆ ಹಿಡಿದು ನೂರು ಸಲ ಅಳೆದರೂ ನೀಲಿ ಗೆರೆ ಪುಸ್ತಕಕ್ಕೆ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಎರಡನ್ನೂ ನಾನು ಒಂದೇ ಪಟ್ಟಿಯಲ್ಲಿ ಬರೆದಿದ್ದೇನೆ. ನೀರು ಬಂದು ಯಾರೂ ಮುಳುಗುವುದಿಲ್ಲ. ಹಟ್ಟಿಯವರಿಗೆ ಬೇರೆ ಜಾಗ ಕೊಡುತ್ತಾರೆ. ಕುರಿಯವರು, ಹೇಗೂ ಮೇವು ಕಂಡ ಕಡೆ ತಿರುಗುವವರು. ಬಾಯಿಬಿಟ್ಟರೆ ಹೋಗುವುದು ನನ್ನ ಕೆಲಸ. ದುರ್ಗದಲ್ಲಿ ನಮ್ಮ ತಾಯಿ ಮಗನಿಗೆ ಕಾಯಂ ಆಯಿತೆಂದು ಆಗಲೇ ಅಕ್ಕಪಕ್ಕದವರಿಗೆ ಹೇಳಿಕೊಂಡಾಗಿತ್ತು.

ಹೊರಗೆ ಬಂದೆ. ಅಜ್ಜಿ ಅಲ್ಲೇ ಇದ್ದಳು. ಕಾಕಾ ತೇಪೆಯ ಒಂದು ಅಂಚು ಕೊಟ್ಟಿದ್ದರು, ಆಕೆ ಅದನ್ನು ಎಳೆದು ಹಿಡಿದಿದ್ದಳು, ಅವರು ಹೊಲಿಯುತ್ತಿದ್ದರು. ಸುಮ್ಮನೆ ಯಾಕೆ ಕೂರುವುದು ಅಂತ. ನನ್ನನ್ನು ನೋಡಿದವಳು ಎದ್ದು ಗೋಗರೆಯಬಹುದು ಎಂದುಕೊಂಡಿದ್ದೆ. “ಬಿಸಿಲಾಗೆ ಯಾಕೆ ನಿಂತೆ, ನೆಳ್ಳಿಗೆ ಬಾರಪ್ಪ,” ಎಂದು ಸ್ವಲ್ಪ ಸರಿದು ಜಾಗ ಬಿಟ್ಟಳು.

ನನ್ನ ತಪ್ಪಿಗೆ ಊರು ಬಿಡಬೇಕಾದವಳು ನನಗೆ ನೆರಳಿನಲ್ಲಿ ಜಾಗ ಬಿಟ್ಟುಕೊಟ್ಟಳು. ನನಗೆ ನಾಚಿಕೆಯಾಯಿತು. ಹಿಂದಕ್ಕೆ ತಿರುಗಿ ಬೀಗ ತೆಗೆದು, ನಕ್ಷೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮತ್ತೆ ಯೋಚನೆ ಹುಟ್ಟುವ ಮೊದಲೇ ಇಂಜಿನಿಯರರ ಡೇರೆಗೆ ನುಗ್ಗಿದೆ. ಅವರು ಊಟಕ್ಕೆ ಕೂತಿದ್ದರು.

“ಸ್ವಾಮಿ, ನಕ್ಷೆ ತಪ್ಪಾಗಿದೆ. ಬಟ್ಟೆ ತೊಳೆಯದೆ ಅಂಟಿಸಿದೆ. ಕುಗ್ಗಿದೆ.”

ಅವರು ತುತ್ತು ಎತ್ತಿದವರು ಕೆಳಗಿಟ್ಟರು. ಕೈ ತೊಳೆದು ಬಂದು, ರಿಜಿಸ್ಟರು ತೆಗೆದು ತಾವೇ ಅಳೆಯತೊಡಗಿದರು. ಮೊದಲು ಅಡ್ಡಕ್ಕೆ ಅಳೆದರು.

“ಸರಿಯಾಗಿದೆಯಲ್ಲರೀ.”

“ಅಡ್ಡಕ್ಕೆ ಕುಗ್ಗಿಲ್ಲ ಸ್ವಾಮಿ, ಅಂದರೆ ಕುಗ್ಗಿದ್ದರೂ ಕೂದಲೆಳೆಯಷ್ಟು. ಉದ್ದಕ್ಕೆ ನೋಡಿ. ಬಟ್ಟೆಯ ಹಾಸು ನೂಲು ಉದ್ದಕ್ಕಿದೆ, ಕುಗ್ಗುವುದು ಅದೇ.”

ಉದ್ದಕ್ಕೆ ಅಳೆದರು. ನಾಲ್ಕು ಹೊಲ ಅಳೆದರು. ಮಾಪನದ ಗೆರೆಯನ್ನು ತೋರಿಸಿ, “ಇದು?” ಎಂದರು.

“ಅಂಟಿಸಿದ ಮೇಲೆ ಬರೆದದ್ದು.”

ಅವರು ಕೈವಾರ ಮಡಿಸಿ ಕೆಳಗಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. “ನಾನೂ ಇದಕ್ಕೆ ಸಹಿ ಹಾಕಿದ್ದೇನೆ,” ಎಂದರು. “ನಿಮ್ಮ ವಿಚಾರ ಆಮೇಲೆ. ಒಂದು ಮಾತು ತಿಳ್ಕೊಳ್ಳಿ. ನಕ್ಷೆ ತಪ್ಪು ಅಂದ ಮಾತ್ರಕ್ಕೆ ಹಟ್ಟಿ ಉಳೀತು ಅಂತಲ್ಲ. ಕೆರೆ ತುಂಬಿ ನಿಲ್ಲೋ ಪೂರ್ಣಮಟ್ಟದ ಮೇಲೆ ಮೂರು ಅಡಿ ಎತ್ತರ ಇರಲೇಬೇಕು, ಇಲ್ಲದಿದ್ದರೆ ವಾಸಕ್ಕೆ ಬಿಡೋ ಹಾಗಿಲ್ಲ. ಇನ್ನು ನಕ್ಷೆ ನಂಬೋದು ಬೇಡ. ನಾಳೆ ಬೆಳಗ್ಗೆ ನೆಲವನ್ನೇ ಕೇಳೋಣ.”

ಅಜ್ಜಿಗೆ ವಿಷಯ ಹೇಳಿದೆ. ಬಟ್ಟೆ, ಗಂಜಿ, ಅಂಟು ಎಂದು ಬಿಡಿಸಿ ಹೇಳಲು ಹೊರಟರೆ ಆಕೆ ಅರ್ಧದಲ್ಲೇ ಕೈ ಎತ್ತಿದಳು. “ಗೊತ್ತಾತು ಬಿಡಪ್ಪ. ಕಂಬಳಿಗೆ ನಾವು ಹುಣಿಸೆ ಬೀಜದ ಗಂಜಿ ಹಾಕಾದಿಲ್ವಾ. ಮೊದಲ್ನೇ ಸಲ ನೀರಿಗೆ ಹಾಕಿದಾಗ ಅದೂ ಹಿಂಗೇ ಮುದುರ್ತೈತೆ. ಅಷ್ಟು ಓದಿದೋನು ನಿಂಗೆ ತಿಳೀಲಿಲ್ವಾ?” ಕಾಕಾ ಗಹಗಹಿಸಿ ನಕ್ಕರು. ನನಗೂ ನಗು ಬಂತು, ಅಳು ಬರುವ ಹಾಗೆ.

ಮರುದಿನ ಹೊತ್ತು ಹುಟ್ಟುವಾಗಲೇ ಏರಿ ಬರಲಿದ್ದ ಜಾಗದ ತುದಿಯ ಬಂಡೆಯ ಹತ್ತಿರ ಮಟ್ಟದ ದುರ್ಬೀನು ಹೂಡಿದೆವು. ಆ ಬಂಡೆಯ ಮೇಲೆ ಉಳಿಯಲ್ಲಿ ಕೊರೆದ ಗುರುತೇ ಎಲ್ಲಕ್ಕೂ ಮೂಲ. ಅಲ್ಲಿಂದ ಅಳತೆ ಕೋಲು ಹಿಡಿದ ಆಳು ಮುಂದೆ, ದುರ್ಬೀನು ಹಿಂದೆ, ಹೀಗೆ ಹಂತ ಹಂತವಾಗಿ ಕಣಿವೆಯುದ್ದಕ್ಕೂ ಮಟ್ಟವನ್ನು ಹೊತ್ತುಕೊಂಡು ಹೋಗಬೇಕು. ಬಿಸಿಲೇರಿದರೆ ನೆಲದ ಕಾವಿಗೆ ಕೋಲಿನ ಅಂಕಿ ಕುಣಿಯುತ್ತದೆ, ಆದ್ದರಿಂದ ಬೆಳಗ್ಗೆ ಮೂರು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಮಾತ್ರ ಕೆಲಸ. ಇಂಜಿನಿಯರರು ನೋಡಿ ಹೇಳುವರು, ನಾನು ಬರೆದುಕೊಳ್ಳುವೆ. ಹಟ್ಟಿ ಮುಟ್ಟಿ, ಬೇರೆ ದಾರಿಯಲ್ಲಿ ಬಂಡೆಗೆ ವಾಪಸು ಬಂದು ಸೇರಿಸಿ ನೋಡಬೇಕು. ಹೊರಟಾಗಿನ ಅಂಕಿಯೇ ಮರಳಿ ಬಂದರೆ ಕೆಲಸ ಸರಿ.

ಮೊದಲ ಸಲ ಬರಲಿಲ್ಲ. ಅರ್ಧ ಅಡಿ ವ್ಯತ್ಯಾಸ. ಅರ್ಧ ಅಡಿಯಲ್ಲಿ ಇಪ್ಪತ್ತೆರಡು ಮನೆ ಇರಬಹುದು, ಹೋಗಬಹುದು. ಪುಸ್ತಕದ ಸಾಲು ಸಾಲನ್ನೂ ಕೂಡಿ ಕಳೆದು ನೋಡಿದೆ, ಲೆಕ್ಕದಲ್ಲಿ ತಪ್ಪಿಲ್ಲ. ಸಂಜೆ ಹಟ್ಟಿಯ ಪಕ್ಕದಲ್ಲಿ ಕೋಲು ನಿಲ್ಲಿಸಿದ್ದ ಒಂದು ನಿಲ್ದಾಣಕ್ಕೆ ಹೋಗಿ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯಿತು. ಕೋಲು ಹಿಡಿದವನು ಅದನ್ನು ಊರಿದ್ದದ್ದು ಕುರಿ ಹಿಕ್ಕೆಯ ಹಳೇ ತಿಪ್ಪೆಯ ಮೇಲೆ. ಮೇಲೆ ಮಣ್ಣು ಮುಚ್ಚಿ ಗಟ್ಟಿ ನೆಲದ ಹಾಗೆ ಕಾಣುತ್ತಿತ್ತು. ಒಂದು ಕಡೆಯಿಂದ ನೋಡಿದಾಗ ಒಂದು ಮಟ್ಟ, ದುರ್ಬೀನನ್ನು ಕೋಲಿನ ಆಚೆಗೆ ಒಯ್ದು ತಿರುಗಿ ನೋಡುವ ಹೊತ್ತಿಗೆ ಕೋಲು ಅರ್ಧ ಅಡಿ ಇಳಿದಿತ್ತು. ಇಡೀ ದಿನದ ಕೆಲಸ ನೀರುಪಾಲು. ಇಂಜಿನಿಯರರು ಪುಸ್ತಕದ ಆ ಪುಟಕ್ಕೆ ಅಡ್ಡಗೆರೆ ಎಳೆದು, “ನಾಳೆ ಕಲ್ಲಿನ ಮೇಲೆ ಮಾತ್ರ,” ಎಂದರು.

ಎರಡನೆಯ ದಿನ ಪ್ರತಿ ನಿಲ್ದಾಣದಲ್ಲೂ ನಾನೇ ಹೋಗಿ ಕಲ್ಲು ಒದ್ದು ನೋಡಿ ಕೋಲು ನಿಲ್ಲಿಸಿದೆ. ಹಟ್ಟಿಯವರೆಲ್ಲ ಅವರವರ ಬಾಗಿಲಲ್ಲಿ ನಿಂತಿದ್ದರು. ಕುರಿಗಳನ್ನು ಕೂಡ ಅಂದು ರೊಪ್ಪದಿಂದ ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಕೆಳಗಿನ ಮನೆ ಅಜ್ಜಿಯದೇ. ಅದರ ಹೊಸ್ತಿಲ ಕಲ್ಲಿನ ಮೇಲೆ ಕೋಲು ಇಟ್ಟು ನೆಟ್ಟಗೆ ಹಿಡಿದೆ. ಆಕೆ ಬಂದು ಕೋಲಿನ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಂಜಿನಿಯರರು ದೂರದಿಂದ ಅಂಕಿ ಕೂಗಿದರು. ಬರೆದುಕೊಂಡೆ. ಆದರೆ ಬಂಡೆಗೆ ವಾಪಸು ಹೋಗಿ ಸೇರಿಸುವವರೆಗೆ ಅದಕ್ಕೆ ಬೆಲೆಯಿಲ್ಲ. ಆ ಹಿಂದಿರುಗುವ ದಾರಿ ನನ್ನ ಜೀವಮಾನದಲ್ಲೇ ಉದ್ದದ್ದು.

ಸಂಜೆ ಬಂಡೆಯ ಹತ್ತಿರ ಕೂತು ಕೂಡಿದೆ. ಹೊರಟಾಗಿನ ಅಂಕಿಗೂ ಬಂದ ಅಂಕಿಗೂ ಕಾಲು ಅಂಗುಲವೂ ವ್ಯತ್ಯಾಸವಿರಲಿಲ್ಲ. ಆಮೇಲೆ ಹೊಸ್ತಿಲಿನ ಲೆಕ್ಕ ತೆಗೆದೆ. ಒಮ್ಮೆ ತೆಗೆದು, ನಂಬದೆ ಇನ್ನೊಮ್ಮೆ ತೆಗೆದು, ಪುಸ್ತಕವನ್ನು ಇಂಜಿನಿಯರರ ಕೈಗೆ ಕೊಟ್ಟೆ.

“ಮೂರು ಅಡಿ ಏಳು ಅಂಗುಲ,” ಎಂದು ಅವರೇ ಓದಿದರು.

ಬೇಕಾದದ್ದು ಮೂರು ಅಡಿ. ನನ್ನ ಕೆಲಸ ಉಳಿಯಿತೋ ಹೋಯಿತೋ ಆಗ ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದೂ ಅನ್ನಿಸಲಿಲ್ಲ. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು.

ನೀರಿನ ಗೆರೆಯನ್ನು ಮರುದಿನ ನೆಲದ ಮೇಲೆ ಗುರುತು ಮಾಡಲು ಹೋದೆವು. ದುರ್ಬೀನು ತೋರಿಸಿದ ಜಾಗ ಬನ್ನಿ ಮರದಿಂದ ಎರಡು ಹೆಜ್ಜೆ. ಆಳು ಗೂಟ ಹೊಡೆಯಲು ಹಾರೆ ಹಾಕಿದರೆ ಮಣ್ಣೊಳಗೆ ಮುರಿದ ಹಳೇ ಗೂಟದ ತುದಿ ಸಿಕ್ಕಿತು. ಅಜ್ಜಿ ನನ್ನ ಕಡೆ ಒಮ್ಮೆ ನೋಡಿದಳು. ಇಂಜಿನಿಯರರು ಆಕೆಯ ಕಂಕುಳಲ್ಲಿದ್ದ ಗೂಟವನ್ನು ಕೇಳಿ ತೆಗೆದುಕೊಂಡು, ಅದನ್ನೇ ಅಲ್ಲಿ ಹೊಡೆಸಿದರು. “ಇನ್ನು ಮರಿ ಕಟ್ಟೋದಕ್ಕೆ ಬೇರೆ ಗೂಟ ನೋಡ್ಕೊಳ್ಳಮ್ಮ,” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೆಳಗಿನ ಒಂದು ರೊಪ್ಪ ಮಾತ್ರ ಮೂರು ಅಡಿಗೆ ಸ್ವಲ್ಪ ಕಡಿಮೆ ಬಂತು, ಅದನ್ನು ಮೇಲಕ್ಕೆ ಸರಿಸಬೇಕಾಯಿತು.

“ಕುರಿಗೆ ಕಾಲು ಅವೆ, ಹೋಗ್ತಾವೆ ಬಿಡ್ರಿ,” ಎಂದಳು ಅಜ್ಜಿ.

ನಕ್ಷೆಯನ್ನು ಮತ್ತೆ ಬರೆಯಬೇಕು. ತಾನಿನಲ್ಲಿ ಅಷ್ಟು ದೊಡ್ಡ ತುಂಡು ಉಳಿದಿರಲಿಲ್ಲ, ಹೊಸದು ತರಿಸಲು ಹೊತ್ತಿಲ್ಲ. ಕಾಕಾ ದಾರಿ ತೋರಿಸಿದರು. ತಪ್ಪಿದ ನಕ್ಷೆಯನ್ನೇ ಹಟ್ಟಿಯ ಬಾವಿಯ ಪಕ್ಕದ ಕಲ್ಲುಬಾನಿ ತುಂಬಿಸಿ ನೆನೆಹಾಕಿದೆವು. ಕಾಗದ ಪದರ ಪದರವಾಗಿ ಎದ್ದು ಬಂತು, ನೀಲಿ ಗೆರೆ ನೀರಿನಲ್ಲಿ ಕರಗಿ ಹೋಯಿತು. ಬಟ್ಟೆಯನ್ನು ಅಜ್ಜಿಯ ಸೊಸೆಯರು ಕಂಬಳಿ ತುಳಿಯುವ ಹಾಗೆ ತುಳಿದು ತುಳಿದು ತೊಳೆದರು. ಒಣಗಿಸಿ ಕಾಕಾ ಗಜ ಇಟ್ಟು ಅಳೆದರು, ಮತ್ತೆ ಅದ್ದಿದರು, ಮತ್ತೆ ಅಳೆದರು. ಅಳತೆ ಕದಲಲಿಲ್ಲ.

“ಕುಡಿಯಾದೆಲ್ಲ ಕುಡಿದಾಯ್ತು,” ಎಂದರು. “ಈಗ ನಂಬಬಹುದು. ನಮ್ಮೂರ ಹೆಸರಿಗೆ ಈಗ ಮರ್ಯಾದೆ ಬಂತು.”

ಹೊಸ ಹಾಳೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆದದ್ದು ಮಾಪನದ ಗೆರೆ. ಮೂರು ದಿನಕ್ಕೆ ಬದಲು ನಾಲ್ಕು ದಿನ ಒಣಗಲು ಬಿಟ್ಟೆ, ಹತ್ತಿರ ಸುಳಿದವರನ್ನೆಲ್ಲ ಗದರಿದೆ. ನನ್ನ ಶಿಕ್ಷೆ ಏನೆಂದು ಆಗ ತಿಳಿಯಿತು. ನಕ್ಷೆಯ ಮೂಲೆಯಲ್ಲಿ, ನನ್ನದೇ ಮುದ್ದಾದ ಅಕ್ಷರದಲ್ಲಿ, ಹೀಗೆ ಬರೆದು ಸಹಿ ಹಾಕಬೇಕೆಂದು ಇಂಜಿನಿಯರರು ಹೇಳಿದರು: ಮೊದಲಿನ ಹಾಳೆ ರದ್ದಾಗಿದೆ, ಕಾರಣ ಬಟ್ಟೆ ತೊಳೆಯದೆ ಅಂಟಿಸಿದ್ದು. ಕೆಳಗೆ ಅವರೂ ಸಹಿ ಹಾಕಿದರು. ಕಾಯಂ ಹುಕುಂ ಒಂದು ವರ್ಷ ತಡವಾಗಿ ಬಂತು. ಬಂತಲ್ಲ, ಸಾಕು.

ಹುಕುಂ ರದ್ದಾದ ಸುದ್ದಿ ಹೊತ್ತು ಹಟ್ಟಿಗೆ ಹೋದಾಗ ನಕ್ಷೆಯನ್ನೂ ಕೈಯಲ್ಲಿ ಹಿಡಿದಿದ್ದೆ. ಅಜ್ಜಿ ನೋಡಬೇಕು ಎಂದಳು. ಹೊಸ್ತಿಲ ಮೇಲೆ ಬಿಚ್ಚಿದೆ.

“ನಮ್ಮ ಹಟ್ಟಿ ಎಲ್ಲೈತೆ?”

ಸಾಸಿವೆಯಷ್ಟು ಚೌಕಗಳನ್ನು ತೋರಿಸಿದೆ.

“ನೀರು?”

ನೀಲಿ ಗೆರೆ ತೋರಿಸಿದೆ. ಆಕೆ ಬಗ್ಗಿ ಅವೆರಡನ್ನೂ ನೋಡಿದಳು. ಕಿರುಬೆರಳು ಇಟ್ಟಳು, ಬೆರಳು ಹಟ್ಟಿಯನ್ನೂ ನೀರನ್ನೂ ಎರಡನ್ನೂ ಮುಚ್ಚಿತು. ಬೆರಳು ತೆಗೆದು, ಸೆರಗಿನ ಗಂಟಿನಿಂದ ಒಂದು ಹುರಿದ ಜೋಳದ ಕಾಳು ತೆಗೆದು, ಗೆರೆಗೂ ಹಟ್ಟಿಗೂ ನಡುವೆ ಇಟ್ಟಳು. ಕಾಳು ಕೂತಿತು. ಕೂತು ಸ್ವಲ್ಪ ಜಾಗವೂ ಉಳಿಯಿತು.

“ಇಷ್ಟ್ರಾಗೆ ಉಳಿದೀವಾ ನಾವು?”

“ಇಷ್ಟರಲ್ಲೇ ಅವ್ವ.”

ಆಕೆ ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತ, ರೊಪ್ಪದ ಬಾಗಿಲು ತೆಗೆಯಲು ಹೋದಳು.